ಅಕ್ಕಿ ಇದೆ, ಹಚ್ಚಿಕೊಳ್ಳಲು ಏನಿದೆ?

ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಬ್ಬರೇ ಇರುವ ಆಯಿಗೆ ಈಗ ಎಪ್ಪತ್ತಾರು ವರ್ಷ. ಧಾರವಾಡದ ಒಂದು ಖಾನಾವಳಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜೋಳದ ರೊಟ್ಟಿ ಬಡಿದು, ಗಂಡ ತೀರಿಕೊಂಡ ಮೇಲೆ ಮಗನನ್ನು ಓದಿಸಿ, ಅವನು ದುಡಿಯಲೆಂದು ಪುಣೆಯ ಕಡೆ ಹೋದ ನಂತರ ಬಾಡಿಗೆಯ ಒಂದು ಖೋಲಿಯಲ್ಲಿ ಉಳಿದವರು. ನಾನು ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತಳಾದವಳಾದ್ದರಿಂದ ಓಣಿಯವರಿಗೆಲ್ಲ ಇಂದಿಗೂ ‘ಅಕ್ಕೋರು’. ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಆಯಿ ನಮ್ಮ ಬಾಗಿಲಿಗೆ ಬಂದು, ರೇಷನ್ ಅಂಗಡಿಯವರು ಎರಡು ಸಲ ಬರಿಗೈಯಲ್ಲಿ ಕಳಿಸಿದರೆಂದೂ, ಈ ಸಲ ಜೊತೆಗೆ ಬರಬೇಕೆಂದೂ ಕೇಳಿದರು. ಅಂದು ಹೊರಟ ಮೇಲೆ ಮುದುಕರ ಊಟದ ವಿಷಯವು ನನ್ನನ್ನು ಬಿಟ್ಟಿಲ್ಲ.

ಅಂಗಡಿಯಲ್ಲಿ ತೊಂದರೆ ಇದ್ದದ್ದು ಅವರ ಬೆರಳುಗಳಲ್ಲಿ. ಹೆಬ್ಬೆಟ್ಟು ಇಟ್ಟರು, ಯಂತ್ರ ಒಪ್ಪಲಿಲ್ಲ. ತೋರುಬೆರಳು, ನಡುಬೆರಳು, ಕಿರುಬೆರಳು, ಮತ್ತೆ ಎಡಗೈ. ಅಂಗಡಿಯ ಹುಡುಗ ಹಸಿ ಬಟ್ಟೆಯಿಂದ ಒರೆಸಿ, ಒಣಗಿಸಿ, ತಾನೇ ಬೆರಳನ್ನು ಹಿಡಿದು ಒತ್ತಿದನು. ಪ್ರತಿ ಸಲವೂ ಕೆಂಪು ದೀಪ. ಆಗ ಆಯಿ ಎರಡೂ ಅಂಗೈಗಳನ್ನು ನನ್ನ ಮುಂದೆ ಹಿಡಿದರು: ಬೆರಳ ತುದಿಗಳು ತಿಕ್ಕಿದ ಹಿತ್ತಾಳೆಯಂತೆ ನುಣುಪಾಗಿದ್ದವು, ಒಂದು ಗೆರೆಯೂ ಇರಲಿಲ್ಲ. “ಈ ಬೆರಳು ಹಂಚಿನ ಪಾಲಾಗ್ಯಾವ್ರೀ ಅಕ್ಕೋರ” ಎಂದರು. ಸಾವಿರಾರು ಜನರಿಗೆ ರೊಟ್ಟಿ ಬಡಿದು ಸವೆದ ಕೈಗಳು ಆ ಕಾರಣಕ್ಕಾಗಿಯೇ ತಮ್ಮ ಪಾಲಿನ ಅಕ್ಕಿಯನ್ನು ಪಡೆಯಲಾರದೆ ಹೋದದ್ದನ್ನು ಕಣ್ಣಾರೆ ಕಂಡೆ.

ಬೆರಳಚ್ಚು ಮೂಡದಿದ್ದರೆ ಬೇರೆ ದಾರಿಗಳಿವೆ. ಕಾರ್ಡಿಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಹೇಳಿ ಧಾನ್ಯ ಪಡೆಯಬಹುದು. ನಡೆಯಲಾರದ ವೃದ್ಧರು, ಕಾಯಿಲೆಯವರು ತಮ್ಮ ಪರವಾಗಿ ಒಯ್ಯಲು ಇನ್ನೊಬ್ಬರನ್ನು ನಾಮನಿರ್ದೇಶನ ಮಾಡಬಹುದು. ಆದರೆ ಆಯಿಯ ಕಾರ್ಡಿಗೆ ಜೋಡಣೆಯಾಗಿದ್ದದ್ದು ಮಗನ ಹಳೆಯ ನಂಬರು, ಅದು ಬಂದ್ ಆಗಿ ಎಷ್ಟೋ ವರ್ಷವಾಗಿತ್ತು. ನಾಮನಿರ್ದೇಶನದ ಅವಕಾಶವಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾವು ಮೂರು ಸಲ ಕಚೇರಿಗೆ ಅಲೆದು, ಒಂದು ದಿನ ಸರ್ವರ್ ಇಲ್ಲವೆಂದು, ಇನ್ನೊಂದು ದಿನ ಸಾಹೇಬರು ಮೀಟಿಂಗಿನಲ್ಲಿದ್ದಾರೆಂದು ಹಿಂದಿರುಗಿ, ಮೂರನೆಯ ಸಲ ಕೆಲಸ ಮುಗಿಸಿದೆವು. ಅಷ್ಟರಲ್ಲಿ ಆ ತಿಂಗಳ ಅಕ್ಕಿ ಕೈತಪ್ಪಿತ್ತು. ಓದು ಬಲ್ಲ ನನಗೇ ಮೂರು ದಿನ ಬೇಕಾಯಿತೆಂದ ಮೇಲೆ, ಅಕ್ಷರ ಬಾರದ, ಒಬ್ಬರೇ ಇರುವ ಮುದುಕರ ಗತಿ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ತಿಂಗಳು ಅಕ್ಕಿ ಬಂತು. ಚೀಲವನ್ನು ಅವರ ಮನೆಯೊಳಗೆ ಇಳಿಸಿ, ಇನ್ನು ಚಿಂತೆಯಿಲ್ಲವಲ್ಲ ಆಯಿ ಎಂದೆ. ಅವರು ಕೃತಜ್ಞತೆಯಿಂದಲೇ, ಆದರೆ ನನ್ನನ್ನು ತಿದ್ದುವ ದನಿಯಲ್ಲಿ, “ಅಕ್ಕಿ ಐತ್ರೀ ಅಕ್ಕೋರ, ಅದಕ್ಕ ಹಚ್ಚಿಕೊಳ್ಳಾಕ ಏನ್ರೀ?” ಎಂದರು. ಮನೆಯಲ್ಲಿ ಬೇಳೆ ಇರಲಿಲ್ಲ. ಶೇಂಗಾ ಹಿಂಡಿಯ ಡಬ್ಬಿಯ ತಳದಲ್ಲಿ ಒಂದು ಚಮಚೆಯಷ್ಟಿತ್ತು. ಬೆಳಿಗ್ಗೆ ಮಾಡಿದ ಅನ್ನವನ್ನೇ ಮಧ್ಯಾಹ್ನ ಉಪ್ಪು, ಖಾರ, ಎಣ್ಣೆ ಕಲಸಿಕೊಂಡು ಉಂಡು, ರಾತ್ರಿ ಚಹಾದಲ್ಲಿ ಟೋಸ್ಟ್ ಅದ್ದಿ ತಿಂದು ಮಲಗುವುದು ಅವರ ದಿನಚರಿಯಾಗಿತ್ತು. ಒಬ್ಬರಿಗಾಗಿ ಎರಡು ಸಲ ಒಲೆ ಹಚ್ಚಿ ಗ್ಯಾಸ್ ಯಾಕೆ ಹಾಳುಮಾಡಲಿ ಎಂಬುದು ಅವರ ಲೆಕ್ಕ.

ಅನ್ನಭಾಗ್ಯವನ್ನು ನಾನು ಹಗುರವಾಗಿ ಕಾಣುವವಳಲ್ಲ. 2013ರ ಜುಲೈನಲ್ಲಿ ಅದು ಆರಂಭವಾದಾಗ ನಮ್ಮ ಶಾಲೆಯ ಮಕ್ಕಳ ಮನೆಗಳಲ್ಲಿ ಆದ ನೆಮ್ಮದಿಯನ್ನು ಬಲ್ಲೆ. ಅದೇ ವರ್ಷದ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆ.ಜಿ. ಧಾನ್ಯವನ್ನೂ, ಕಡುಬಡವರಿಗೆ ಕೊಡುವ ಅಂತ್ಯೋದಯ ಕಾರ್ಡಿನ ಕುಟುಂಬಕ್ಕೆ 35 ಕೆ.ಜಿ.ಯನ್ನೂ ಹಕ್ಕಾಗಿ ಮಾಡಿತು. ರಾಜ್ಯವು ಇನ್ನೂ 5 ಕೆ.ಜಿ. ಸೇರಿಸುವುದಾಗಿ ಹೇಳಿ, ಅಕ್ಕಿ ಸಿಗದಾಗ 2023ರ ಜುಲೈನಿಂದ ಅದರ ಬದಲು ತಲೆಗೆ 170 ರೂಪಾಯಿ ಕೊಟ್ಟು, 2025ರ ಫೆಬ್ರುವರಿಯಿಂದ ಅಕ್ಕಿಯನ್ನೇ ಕೊಡತೊಡಗಿತು. ಹೊಟ್ಟೆ ತುಂಬಿಸುವ ಮಟ್ಟಿಗೆ ಇದು ದೊಡ್ಡ ಆಸರೆ. ಆದರೆ ಆಸರೆಯ ಲೆಕ್ಕವನ್ನು ವಯಸ್ಸಾದ ದೇಹದ ಕಡೆಯಿಂದ ನೋಡಿದಾಗ ಬೇರೆಯದೇ ಚಿತ್ರ ಕಾಣುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಹೇಳಿದ ಪ್ರಮಾಣದಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಅಂದರೆ 45 ಕೆ.ಜಿ. ತೂಗುವ ಆಯಿಗೆ ಸುಮಾರು 37 ಗ್ರಾಂ. ಪಾಲಿಶ್ ಮಾಡಿದ 100 ಗ್ರಾಂ ಅಕ್ಕಿಯಲ್ಲಿ ಇರುವುದು ಸುಮಾರು 8 ಗ್ರಾಂ. ದಿನಕ್ಕೆ ನೂರೈವತ್ತು, ನೂರರವತ್ತು ಗ್ರಾಂ ಅಕ್ಕಿಗಿಂತ ಹೆಚ್ಚು ಅವರಿಂದ ಉಣ್ಣಲಾಗುವುದಿಲ್ಲವಾದ್ದರಿಂದ, ಚೀಲದಲ್ಲಿ ಎಷ್ಟೇ ಕಿಲೋ ಇದ್ದರೂ ಅವರಿಗೆ ದಕ್ಕುವುದು 13 ಗ್ರಾಂ ಮಾತ್ರ. ವಯಸ್ಸಾದಂತೆ ಸ್ನಾಯುಗಳು ತಾವಾಗಿಯೇ ಕರಗತೊಡಗುತ್ತವೆ. ಪ್ರೋಟೀನ್ ಸಾಲದಿದ್ದರೆ ಸ್ನಾಯು ಬೇಗ ಕರಗಿ, ಎದ್ದು ನಿಲ್ಲುವಾಗ ಕಾಲು ನಡುಗಿ, ಬಚ್ಚಲಿನಲ್ಲಿ ಬಿದ್ದು ಸೊಂಟ ಮುರಿಯುವವರೆಗೆ ಹೋಗುತ್ತದೆ. ‘ವಯಸ್ಸಾಯ್ತು, ನಿತ್ರಾಣ ಇರೋದ’ ಎಂದು ನಾವು ಕೈಚೆಲ್ಲುವ ಎಷ್ಟೋ ನಿತ್ರಾಣವು ಊಟದ ಕೊರತೆಯೇ ಆಗಿರುತ್ತದೆ ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಆದ್ದರಿಂದಲೇ ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಆಹಾರ ಕಿಟ್ ಕೊಡಲು 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಆಯಿಯ ಪ್ರಶ್ನೆ. 100 ಗ್ರಾಂ ಬೇಳೆಯಲ್ಲಿ 20 ಗ್ರಾಂಗೂ ಮೀರಿ ಪ್ರೋಟೀನ್ ಇದೆ. ಮುದುಕರ ಪಾಲಿಗೆ ಆ ಕಿಟ್ಟಿನ ತಿರುಳು ಬೇಳೆಯೇ.

ಜೋಳದ ವಿಷಯವನ್ನೂ ಹೇಳಬೇಕು. ನಮ್ಮ ಭಾಗದವರು ಜೋಳ ಉಂಡು ಬೆಳೆದವರು. ಅಕ್ಕಿಗೆ ಹೋಲಿಸಿದರೆ ಜೋಳದಲ್ಲಿ ಪ್ರೋಟೀನ್ ಸ್ವಲ್ಪ ಹೆಚ್ಚು, ಕಬ್ಬಿಣದ ಅಂಶವಂತೂ ಹಲವು ಪಟ್ಟು ಹೆಚ್ಚು. ಪಡಿತರದಲ್ಲಿ ಜೋಳ ಸಿಗುವ ತಿಂಗಳುಗಳೂ ಉಂಟು. ಆದರೆ ಹಲ್ಲಿಲ್ಲದ ಬಾಯಿಗೆ ರೊಟ್ಟಿ ಎಲ್ಲಿಯದು? ಜೀವಮಾನವಿಡೀ ರೊಟ್ಟಿ ಬಡಿದ ಆಯಿ ಈಗ ರೊಟ್ಟಿ ತಿನ್ನಲಾರರು. ತಿಂದರೂ ಸಾರಿನಲ್ಲಿ ಮುರಿದು ಹಾಕಿ, ನೆನೆಸಿ, ಕಿವುಚಿಕೊಂಡು ತಿನ್ನಬೇಕು. ಅವರಿಗೆ ಹಿತವಾದದ್ದು ನುಚ್ಚು. ಜೋಳವನ್ನು ಗಿರಣಿಯಲ್ಲಿ ಒಡೆಸಿ ತಂದು, ಮೆತ್ತಗೆ ಕುದಿಸಿ, ಮಜ್ಜಿಗೆ ಹಾಕಿ, ಒಂದು ಚೂರು ಬೆಳ್ಳುಳ್ಳಿ ಖಾರದೊಂದಿಗೆ ಕೊಟ್ಟ ದಿನ ಅವರು ಎರಡು ಬಟ್ಟಲು ಉಂಡರು. ಜೋಳವನ್ನು ಗಿರಣಿಗೆ ಹೊತ್ತೊಯ್ಯುವವರು ಯಾರು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಇಳಿವಯಸ್ಸಿನವರ ಕಾರ್ಡಿಗೆ ಕಾಳಿನ ಬದಲು ಒಡೆಸಿದ ನುಚ್ಚನ್ನೇ ಕೊಟ್ಟರೆ ಎಷ್ಟು ಉಪಕಾರವಾದೀತು!

ಇನ್ನೊಂದು ದಿನ ಹೋದಾಗ ಆಯಿ ಮೊರದಲ್ಲಿ ಅಕ್ಕಿ ಹರಡಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಒಂದೊಂದೇ ಕಾಳನ್ನು ಆರಿಸಿ ಹೊರಗೆ ಚೆಲ್ಲುತ್ತಿದ್ದರು. ಪ್ಲಾಸ್ಟಿಕ್ ಅಕ್ಕಿ ಬೆರೆಸಿದ್ದಾರೆಂದು ಓಣಿಯಲ್ಲಿ ಯಾರೋ ಹೇಳಿದ್ದರಂತೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ12 ಜೀವಸತ್ವ ಸೇರಿಸಿ, ಕಾಳಿನ ಆಕಾರ ಕೊಟ್ಟು, 100 ಕೆ.ಜಿ. ಅಕ್ಕಿಗೆ 1 ಕೆ.ಜಿ.ಯಂತೆ ಬೆರೆಸುವ ಸಾರವರ್ಧಿತ ಕಾಳು. ವಯಸ್ಸಾದ ಎಷ್ಟೋ ಜನರ ದೇಹವು ಊಟದಲ್ಲಿನ ಬಿ12 ಅನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಮಾಂಸ, ಮೊಟ್ಟೆ ತಿನ್ನದ, ಹಾಲೂ ಸಾಲದ ಮನೆಗಳಲ್ಲಿ ಅದರ ಕೊರತೆ ಇನ್ನೂ ಹೆಚ್ಚು. ಯಾರ ದೇಹಕ್ಕೆ ಅದು ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತೋ ಅವರೇ ಕೂತು ಅದನ್ನು ಆರಿಸಿ ಎಸೆಯುತ್ತಿದ್ದರು. ಚೀಲದೊಂದಿಗೆ ಎರಡು ಮಾತು ಹೇಳಿ ಕಳಿಸುವ ಸೌಜನ್ಯವು ಅಂಗಡಿಯಲ್ಲಿ ಇದ್ದಿದ್ದರೆ ಇಷ್ಟಾಗುತ್ತಿರಲಿಲ್ಲ.

ಹಣದ ಲೆಕ್ಕ ಚಿಕ್ಕದು. ಆಯಿಗೆ ಸಂಧ್ಯಾ ಸುರಕ್ಷಾ ಯೋಜನೆಯ 1,200 ರೂಪಾಯಿ ಬರುತ್ತದೆ. 2021ರ ಜುಲೈನಲ್ಲಿ, ನಮ್ಮ ನೆರೆಯ ಶಿಗ್ಗಾಂವಿಯನ್ನು ಪ್ರತಿನಿಧಿಸುತ್ತಿದ್ದ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದ ದಿನವೇ ಅದನ್ನು ಸಾವಿರದಿಂದ ಈ ಮೊತ್ತಕ್ಕೆ ಏರಿಸಿದ್ದರು. ಗೃಹಲಕ್ಷ್ಮಿಯ 2,000 ಬಂದ ತಿಂಗಳು ಬಾಡಿಗೆ ಮತ್ತು ಕರೆಂಟಿನ ಚಿಂತೆ ಇರುವುದಿಲ್ಲ. ಆದರೆ ಓಣಿಯ ಒಂಟಿ ಮುದುಕರಿಗೆ, ಅಂದರೆ ಗಂಡಸರಿಗೆ, ಅದೂ ಇಲ್ಲ. 1,200 ಎಂದರೆ ದಿನಕ್ಕೆ 40 ರೂಪಾಯಿ. ಹಾಲು, ಮಾತ್ರೆ, ಚಹಾಪುಡಿ ಎಲ್ಲವೂ ಅದರಲ್ಲೇ. ಕೇಂದ್ರವು ವೃದ್ಧಾಪ್ಯ ವೇತನಕ್ಕೆ ಕೊಡುವ ಪಾಲು ಎಂಬತ್ತರ ಒಳಗಿನವರಿಗೆ 200 ರೂಪಾಯಿಯಲ್ಲೇ ಹದಿನೈದು ವರ್ಷಕ್ಕೂ ಮೀರಿ ನಿಂತಿದೆ. ಇದು ಅನ್ಯಾಯವೆಂದು ಸ್ಪಷ್ಟವಾಗಿ ಹೇಳಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ಉಪಾಹಾರ, 10 ರೂಪಾಯಿಗೆ ಊಟ ಸಿಗುತ್ತದೆ. ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ನಿತ್ಯ ದಾಸೋಹವಿದೆ. ಅಲ್ಲಿ ಪಂಕ್ತಿಯಲ್ಲಿ ಕೂತ ಮುದುಕರ ಮುಖದ ತೃಪ್ತಿಯನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಯಾರು, ಯಾವ ಜಾತಿ, ಕಾರ್ಡ್ ಇದೆಯೋ ಇಲ್ಲವೋ ಎಂದು ಕೇಳದೆ ಎಲೆ ಹಾಕುವ ಆ ಪರಂಪರೆ ನಮ್ಮ ಭಾಗದ ದೊಡ್ಡ ಆಸ್ತಿ. ಆದರೆ ಮೊಣಕಾಲು ಹಿಡಿದುಕೊಂಡವರು ಅಲ್ಲಿಯವರೆಗೆ ಹೋಗುವುದು ಹೇಗೆ? ಬಸ್ಸು ಹೆಂಗಸರಿಗೆ ಉಚಿತವೇನೋ ಸರಿ, ಬಸ್ಸಿನ ಮೆಟ್ಟಿಲು ಎತ್ತರವಾಗಿದೆ. ಒಂಟಿಯಾಗಿರುವ ಇಳಿವಯಸ್ಸಿನವರ ಮನೆಗೇ ಪಡಿತರ ತಲುಪಿಸುವ ‘ಅನ್ನ ಸುವಿಧಾ’ ಎಂಬ ವ್ಯವಸ್ಥೆಯನ್ನು ರಾಜ್ಯ ತಂದಿರುವುದು ಒಳ್ಳೆಯದು. ಅದು ಅಕ್ಕಿಯನ್ನು ಬಾಗಿಲವರೆಗೆ ತರುತ್ತದೆ. ಬಾಗಿಲಿನಿಂದ ತಟ್ಟೆಯವರೆಗಿನ ದೂರವನ್ನು ಮುದುಕರೇ ದಾಟಬೇಕು. ಕೈ ನಡುಗುವವರಿಗೆ, ಕಣ್ಣು ಮಸುಕಾದವರಿಗೆ ಆ ದೂರವೇ ಹೆಚ್ಚು.

ನನ್ನ ಮನಸ್ಸು ಇಲ್ಲಿ ಮತ್ತೆ ಮತ್ತೆ ಶಾಲೆಗೆ ಹೋಗುತ್ತದೆ. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಮರುವರ್ಷ ನಮ್ಮ ಕಡೆಗೂ ಬಂದಾಗ, ಬಿಸಿಯೂಟದಿಂದ ಪಾಠ ಕೆಡುತ್ತದೆಂದು ನನ್ನ ಸಹೋದ್ಯೋಗಿಗಳಲ್ಲಿ ಹಲವರು ಗೊಣಗಿದ್ದರು. ಒಂದೇ ವರ್ಷದಲ್ಲಿ ಆ ಮಾತು ನಿಂತಿತು. ಮಕ್ಕಳಿಗೆ ಕಾಳು ಕೊಟ್ಟರೆ ಸಾಲದು, ಬಿಸಿಯಾದ ಊಟವನ್ನೇ ಕೊಡಬೇಕು, ಜೊತೆಗೆ ಕೂಡಿಸಿ ಉಣಿಸಬೇಕು ಎಂಬುದನ್ನು ನಾವು ಇಪ್ಪತ್ತು ವರ್ಷಗಳ ಹಿಂದೆಯೇ ಒಪ್ಪಿದ್ದೇವೆ. 2017ರ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೂ ಅಂಗನವಾಡಿಯಲ್ಲಿ ಊಟ ಬಂತು. ಅದೇ ನ್ಯಾಯ ಬದುಕಿನ ಇನ್ನೊಂದು ತುದಿಗೆ ಇನ್ನೂ ತಲುಪಿಲ್ಲ. ತಮಿಳುನಾಡಿನಲ್ಲಿ 1982ರಲ್ಲಿ ಮಕ್ಕಳಿಗಾಗಿ ವಿಸ್ತಾರಗೊಂಡ ಮಧ್ಯಾಹ್ನದ ಊಟದ ಕೇಂದ್ರಗಳಲ್ಲಿ, ಸ್ವಲ್ಪ ಕಾಲದಲ್ಲೇ ವೃದ್ಧಾಪ್ಯ ವೇತನ ಪಡೆಯುವವರಿಗೂ ಊಟ ಬಡಿಸತೊಡಗಿದರು. ಅಮೆರಿಕದಲ್ಲಿ 1972ರಿಂದ ಅರವತ್ತು ದಾಟಿದವರಿಗೆ ಸಮುದಾಯ ಕೇಂದ್ರಗಳಲ್ಲಿ ಒಟ್ಟಿಗೆ ಊಟ, ಬರಲಾಗದವರಿಗೆ ಮನೆಗೇ ಊಟ ಕೊಡುವ ವ್ಯವಸ್ಥೆ ಕಾನೂನಿನಲ್ಲೇ ಇದೆ. ಒಬ್ಬರೇ ಕೂತು ಉಣ್ಣುವವರಿಗೆ ಹಸಿವೆಯೇ ಆಗುವುದಿಲ್ಲವೆಂಬುದನ್ನು ಆ ಕಾನೂನು ಮಾಡಿದವರು ಅರಿತಿದ್ದರು. ನಮ್ಮ ಓಣಿಯ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬೇಯುವ ಸಾರಿನೊಂದಿಗೆ ಸುತ್ತಲಿನ ಇಪ್ಪತ್ತು ಮುದುಕರಿಗೂ ಬೇಯಿಸಿ, ಮಕ್ಕಳ ಊಟ ಮುಗಿದ ಮೇಲೆ ಅದೇ ಪಡಸಾಲೆಯಲ್ಲಿ ಕೂಡಿಸಿದರೆ, ಬೇಕಾಗುವುದು ಒಂದಿಷ್ಟು ಬೇಳೆ, ಒಬ್ಬ ಅಡುಗೆಯವರ ಹೆಚ್ಚಿನ ಕೂಲಿ ಮತ್ತು ಒಂದು ಸರ್ಕಾರಿ ಆದೇಶ.

ಆದೇಶ ಬರುವವರೆಗೆ ಕಾಯದೆ ನಾವು ನಾಲ್ಕು ಮನೆಯವರು ಸೇರಿ ಆಯಿಗೂ, ಹಿಂದಿನ ಸಾಲಿನ ಒಬ್ಬ ಅಜ್ಜಾರಿಗೂ ಸರದಿಯಂತೆ ಮಧ್ಯಾಹ್ನದ ಬುತ್ತಿ ಕೊಡುತ್ತಿದ್ದೇವೆ. ಬೇಳೆ ಅಥವಾ ಮಡಕಿ ಕಾಳು ಇರಲೇಬೇಕು, ಪಲ್ಯ ಮೆತ್ತಗಿರಬೇಕು, ಖಾರ ಕಡಿಮೆ ಇರಬೇಕು, ಬುತ್ತಿ ಒಯ್ದವರು ಅವರು ಉಂಡು ಮುಗಿಸುವ ತನಕ ಅಲ್ಲಿಯೇ ಕೂಡಬೇಕು ಎಂಬುದು ನಾವು ಮಾಡಿಕೊಂಡ ಕರಾರು. ಆ ಕೊನೆಯ ಕರಾರನ್ನು ಸೇರಿಸಿದವರು ನಮ್ಮ ಪಕ್ಕದ ಮನೆಯ ಸೊಸೆ. ಅವರಿಗೆ ಇದರ ಮರ್ಮ ನನಗಿಂತ ಮೊದಲು ತಿಳಿದಿತ್ತು. ಆಯಿ ಈಗ ಚಹಾ-ಟೋಸ್ಟಿನ ರಾತ್ರಿಗಳನ್ನು ಬಿಟ್ಟು, ಉಳಿದ ಬೇಳೆಯಲ್ಲಿ ಸ್ವಲ್ಪ ಅನ್ನ ಕಲಸಿಕೊಂಡು ಉಣ್ಣುತ್ತಾರೆ. ಗೋಡೆ ಹಿಡಿಯದೆ ಕಟ್ಟೆಯವರೆಗೆ ಬಂದು ಕೂಡುತ್ತಾರೆ.

ಓದುವ ನೀವು ನಿಮ್ಮ ಓಣಿಯ ಒಂಟಿ ಹಿರಿಯರ ರೇಷನ್ ಕಾರ್ಡನ್ನು ಒಮ್ಮೆ ಕೇಳಿ ನೋಡಿರಿ. ಮೊಬೈಲ್ ನಂಬರು ಚಾಲ್ತಿಯಲ್ಲಿದೆಯೇ, ಇ-ಕೆವೈಸಿ ಆಗಿದೆಯೇ, ನಾಮನಿರ್ದೇಶನ ಬೇಕೇ ಎಂದು ವಿಚಾರಿಸಿರಿ. ಯಾರ ಆಸರೆಯೂ ಇಲ್ಲದ ಅರವತ್ತು ದಾಟಿದವರು ಅಂತ್ಯೋದಯ ಕಾರ್ಡಿಗೆ ಅರ್ಹರ ಪಟ್ಟಿಯಲ್ಲಿದ್ದಾರೆಂಬುದನ್ನು ಅವರಿಗೆ ತಿಳಿಸಿರಿ. ದಿಕ್ಕು ತೋಚದಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು. ಹಿಂದಿನ ಸಾಲಿನ ಅಜ್ಜಾರ ಹೆಬ್ಬೆಟ್ಟನ್ನೂ ಯಂತ್ರ ಒಪ್ಪುತ್ತಿಲ್ಲ; ಅವರು ನಲವತ್ತು ವರ್ಷ ಗೌಂಡಿ ಕೆಲಸ ಮಾಡಿ ಸಿಮೆಂಟಿನಲ್ಲಿ ಬೆರಳು ಸವೆಸಿಕೊಂಡವರು. ಅವರ ಕಾಗದಪತ್ರಗಳನ್ನು ಒಂದು ಚೀಲದಲ್ಲಿ ಹಾಕಿ ಇಟ್ಟಿದ್ದೇನೆ, ಸೋಮವಾರ ಅವರೊಂದಿಗೆ ಕಚೇರಿಗೆ ಹೋಗಬೇಕು.