ಕನ್ನಡಕ ಹಾಕ್ಕೊಂಡೇ ಕೇಳ್ತೀರಾ ಸಾರ್?

ಮಂಗಳವಾರದಿಂದ ಈ ಒಂದು ಪ್ರಶ್ನೆ ತಲೆಯಿಂದ ಇಳಿಯುತ್ತಿಲ್ಲ. ಕೇಳಿದವನು ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ನೋಡಿಕೊಳ್ಳುವ ಹುಡುಗ. ನನ್ನ ವಯಸ್ಸಿನ ಅರ್ಧವೂ ಇರಲಿಕ್ಕಿಲ್ಲ.

ನಾನು ಹೋಗಿದ್ದು ದೊಡ್ಡ ತಯಾರಿ ಮಾಡಿಕೊಂಡು. ಎರಡು ವಾರ ಕೂತು ಹನ್ನೊಂದು ಹೆಡ್‌ಫೋನ್‌ಗಳ ಪಟ್ಟಿ ಮಾಡಿದ್ದೆ. ಎಲ್ಲವೂ ಕ್ಲೋಸ್ಡ್ ಬ್ಯಾಕ್, ಅಂದರೆ ಕಪ್‌ನ ಹಿಂಬದಿ ಮುಚ್ಚಿರುವಂಥವು, ಎಲ್ಲವೂ ಹೆಚ್ಚುಕಡಿಮೆ ಕೈಗೆಟುಕುವಂಥವು. ಓಮ್ (ವಿದ್ಯುತ್ತಿಗೆ ಒಡ್ಡುವ ತಡೆ) ಎಷ್ಟು, ತೂಕ ಎಷ್ಟು, ಒಳಗೆ ಸದ್ದು ಹೊರಡಿಸುವ ಡ್ರೈವರ್ 40 ಮಿಲಿಮೀಟರೋ 45 ಮಿಲಿಮೀಟರೋ, ಕೇಬಲ್ ಬಿಚ್ಚಲು ಬರುತ್ತದೋ ಇಲ್ಲವೋ, ಎಲ್ಲಕ್ಕೂ ಗೆರೆ ಎಳೆದ ಖಾನೆಗಳು. ಹಾಳೆ ಹರಡಿ, "ಇದರಲ್ಲಿ ಯಾವುದಪ್ಪಾ?" ಅಂದೆ. ಅವನು ಹಾಳೆ ನೋಡಲೇ ಇಲ್ಲ. ನನ್ನ ಮುಖ ನೋಡಿದ.

"ಕನ್ನಡಕ ಹಾಕ್ಕೊಂಡೇ ಕೇಳ್ತೀರಾ ಸಾರ್, ಇಲ್ಲಾ ತೆಗೆದು ಕೇಳ್ತೀರಾ?"

"ಕೇಳೋದು ಕಿವಿಯಲ್ಲಿ ಅಲ್ವಾ?" ಅಂದೆ. ಅವನು ನಗಲಿಲ್ಲ. ನನಗೆ ಸ್ವಲ್ಪ ಕೋಪವೇ ಬಂತು. ಈ ಹುಡುಗರಿಗೆ ತಲೆ ನರೆತವರನ್ನು ಕಂಡರೆ ಕನ್ನಡಕವೇ ಮೊದಲು ಕಾಣುವುದು ಅಂದುಕೊಂಡೆ.

ಹೆಡ್‌ಫೋನ್ ಯಾಕೆ ಬೇಕಾಯಿತು ಅಂದರೆ, ಅದೂ ಇವನಿಂದಲೇ. ನಾನು ಆಗಾಗ ಕಥೆಗಳನ್ನು ಓದಿ ರೆಕಾರ್ಡ್ ಮಾಡುತ್ತೇನೆ. ಒಂದು ಸಾಲು ಎಡವಿದರೆ ಹಿಂದಿನ ಎರಡು ಸಾಲು ಕೇಳಿಸಿಕೊಳ್ಳುತ್ತಾ ಅದೇ ಲಯದಲ್ಲಿ ಮತ್ತೆ ಎತ್ತಿಕೊಳ್ಳಬೇಕು. ಮನೆಯಲ್ಲಿ ಹೀಗೆ ಮಾಡಿದ ಒಂದು ರೆಕಾರ್ಡಿಂಗ್ ಕಳಿಸಿದ್ದೆ. ಫೋನ್ ಮಾಡಿ, "ಸಾರ್, ನಿಮ್ಮ ಹಿಂದೆ ಯಾರೋ ಪಿಸುಗುಡ್ತಿದ್ದಾರೆ" ಅಂದ. ಮನೆಯಲ್ಲಿ ಆಗ ಬೇರೆ ಯಾರೂ ಇರಲಿಲ್ಲ. ಆಮೇಲೆ ಗೊತ್ತಾಯಿತು, ಪಿಸುಗುಡುತ್ತಿದ್ದವನು ನಾನೇ. ನನ್ನ ಹಳೇ ಹೆಡ್‌ಫೋನ್ ಓಪನ್ ಬ್ಯಾಕ್. ಕಪ್‌ನ ಹಿಂಬದಿ ಜಾಲರಿ. ಕಿವಿಗೆ ಎಷ್ಟು ಕೇಳುತ್ತದೋ ಹೊರಗೂ ಹೆಚ್ಚುಕಡಿಮೆ ಅಷ್ಟೇ ಹೋಗುತ್ತದೆ, ಮೈಕ್ ಅದನ್ನೂ ಹೀರಿಕೊಳ್ಳುತ್ತದೆ. ರಾತ್ರಿ ಅದರಲ್ಲಿ ಹಾಡು ಕೇಳಿದರೆ ಪಕ್ಕದಲ್ಲಿ ಮಲಗಿದ ನನ್ನ ಹೆಂಡತಿಗೆ ಕಿವಿಯ ಹತ್ತಿರ ಸೊಳ್ಳೆಗಳು ಸಂಗೀತ ಕಛೇರಿ ಮಾಡಿದ ಹಾಗೆ ಕೇಳುತ್ತದಂತೆ. ಅವಳ ದೂರು ಹತ್ತು ವರ್ಷ ಹಳೆಯದು. ಹುಡುಗ ಹೇಳಿದ ಮೇಲೆ ಎರಡೇ ದಿನಕ್ಕೆ ಪಟ್ಟಿ ಶುರು ಮಾಡಿದೆ. ಇದನ್ನು ಅವಳು ಗಮನಿಸಿದ್ದಾಳೆ.

ಇರಲಿ. ಹುಡುಗ ಒಂದು ಹೆಡ್‌ಫೋನ್ ನನ್ನ ತಲೆಗೆ ಹಾಕಿದ. ಡ್ರಮ್ಮೂ ಬೇಸ್ ಗಿಟಾರೂ ಇರುವ ಏನನ್ನೋ ಹಚ್ಚಿದ. ಚೆನ್ನಾಗಿಯೇ ಇತ್ತು. ಆಮೇಲೆ ಎರಡೂ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿದ. ನೆಲದಡಿಯಿಂದ ಎದ್ದು ಬಂದ ಹಾಗೆ ಬೇಸ್ ಬಂತು. ಕೈ ತೆಗೆದ, ಹೋಯಿತು. "ಈಗ ಕನ್ನಡಕ ತೆಗೀರಿ" ಅಂದ. ತೆಗೆದೆ. ಯಾರೂ ಒತ್ತದೆಯೇ ಬೇಸ್ ಬಂದು ಕೂತಿತು. ಹಾಕಿಕೊಂಡೆ, ಹೋಯಿತು. ಮಗು ಲೈಟ್ ಸ್ವಿಚ್ ಆಡಿಸಿದ ಹಾಗೆ ಒಂದು ಐದಾರು ಸಲ ಹಾಕಿ ತೆಗೆದು ಮಾಡಿದೆ. ಅವನು ಸುಮ್ನೆ ನಿಂತು ನೋಡಿದ.

ವಿಷಯ ಇಷ್ಟೇ. ಪ್ಯಾಡು ಕಿವಿಯ ಸುತ್ತ ಒಂದು ಪುಟ್ಟ ಕೋಣೆ ಕಟ್ಟುತ್ತದೆ. ಕೆಳಗಿನ ಸ್ವರಗಳು ಕಿವಿಗೆ ತಲುಪಬೇಕಾದರೆ ಆ ಕೋಣೆಯ ಗಾಳಿ ಹೊರಗೆ ನುಸುಳಬಾರದು. ಕನ್ನಡಕದ ಕಡ್ಡಿ ಪ್ಯಾಡನ್ನು ಒಂಚೂರು ಎತ್ತಿ ಹಿಡಿಯುತ್ತದೆ. ಆ ಸಂದಿಯಲ್ಲಿ ಬೇಸ್ ಸೋರಿಹೋಗುತ್ತದೆ. ಮೇಲಿನ ಸ್ವರಗಳಿಗೆ ಇದರಿಂದ ಅಷ್ಟಾಗಿ ತೊಂದರೆ ಇಲ್ಲ, ಹಾಗಾಗಿ ಒಟ್ಟು ಧ್ವನಿ ತೆಳ್ಳಗೆ, ಚೂಪಾಗಿ ಕೇಳುತ್ತದೆ. ದಪ್ಪ ಕೂದಲು, ಗಡ್ಡ, ಓಲೆ ಎಲ್ಲವೂ ಇದೇ ಕೆಲಸ ಮಾಡಬಲ್ಲವು. ನನ್ನದು ದಪ್ಪ ಪ್ಲಾಸ್ಟಿಕ್ ಫ್ರೇಮು. ಎರಡು ಕಡ್ಡಿಯೂ ಬೆರಳಗಲ.

ಪಟ್ಟಿಯ ಹನ್ನೊಂದು ಸಾಲುಗಳಲ್ಲಿ ಈ ಕಡ್ಡಿಗೆ ಒಂದು ಖಾನೆ ಇರಲಿಲ್ಲ.

ಆ ಮೇಲೆ ಅವನ ಹತ್ತಿರ ಇದ್ದ ಐದನ್ನೂ ಕೇಳಿದೆ. ಸೋನಿಯ ಎಂಡಿಆರ್-7506 ಮೊದಲು ಬಂದದ್ದು 1991ರಲ್ಲಿ. ಹಗುರ, ಸುರುಳಿ ಕೇಬಲ್, 63 ಓಮ್. ಅದರಲ್ಲಿ ನನ್ನ ಓದು ಕೇಳಿ ಗಾಬರಿಯಾದೆ. ನಾಲಿಗೆ ತುಟಿಗೆ ತಾಗುವ ಚಿಟಿಚಿಟಿ, ವಾಕ್ಯಕ್ಕೆ ಮೊದಲು ಎಳೆದುಕೊಳ್ಳುವ ಉಸಿರು, ಎಲ್ಲ ಎದುರಿಗೇ ಕೂತಿದ್ದವು. ತಪ್ಪು ಹುಡುಕಲು ಇದಕ್ಕಿಂತ ಬೇಕಿಲ್ಲ. ಆರಾಮಾಗಿ ಹಾಡು ಕೇಳಲು ನಾನಂತೂ ಇದನ್ನು ಎತ್ತಿಕೊಳ್ಳಲಾರೆ. ಸೆನ್‌ಹೈಸರ್ ಎಚ್‌ಡಿ 280 ಪ್ರೊ ಹೊರಗಿನ ಸದ್ದನ್ನು 32 ಡೆಸಿಬಲ್‌ವರೆಗೆ ತಡೆಯುತ್ತದೆ ಎಂದು ತಯಾರಕರೇ ಹೇಳುತ್ತಾರೆ. ತಡೆಯುವುದು ನಿಜ. ಬಿಗಿಯಾಗಿ ಹಿಡಿಯುವುದೇ ಅದರ ಗುಟ್ಟು, ಆ ಹಿಡಿತಕ್ಕೆ ಕಡ್ಡಿ ಕಪಾಳಕ್ಕೆ ಒತ್ತಿ ಹತ್ತು ನಿಮಿಷಕ್ಕೆ ನನಗೆ ತಲೆನೋವು.

ಆಡಿಯೋ ಟೆಕ್ನಿಕಾದ ಎಂ40ಎಕ್ಸ್, ಎಂ50ಎಕ್ಸ್ ಎರಡನ್ನೂ ಒಂದರ ಹಿಂದೆ ಒಂದು ಕೊಟ್ಟ. ಎಂ50ಎಕ್ಸ್ ಹಾಕಿದ ಕೂಡಲೇ "ಇದು ಬಹಳ ಚೆನ್ನಾಗಿದೆ" ಅಂದುಬಿಟ್ಟೆ. ಹುಡುಗ ವಾಲ್ಯೂಮ್ ಗುಂಡಿಯ ಕಡೆ ಕೈ ತೋರಿಸಿದ. ಚೂರೇ ಚೂರು ಏರಿಸಿದ್ದ. ಸಮ ಮಾಡಿ ಮತ್ತೆ ಕೇಳಿಸಿದಾಗ ಮನಸ್ಸು ಎಂ40ಎಕ್ಸ್ ಕಡೆ ವಾಲಿತು. ಜೋರಾಗಿದ್ದದ್ದು ಚೆನ್ನಾಗಿದೆ ಅನಿಸುವುದು ಕಿವಿಯ ಹಳೇ ಚಾಳಿಯಂತೆ. ಇದನ್ನು ಬಾಯಲ್ಲೇ ಹೇಳಿಬಿಡಬಹುದಿತ್ತು, ಹೇಳದೇ ಮಾಡಿ ತೋರಿಸಿದ. ಅವನನ್ನು ನಾನು ಇಷ್ಟಪಡಲು ಶುರು ಮಾಡಿದ್ದು ಅಲ್ಲಿಂದ.

ಕೊನೆಯದು ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ, 80 ಓಮ್‌ನದ್ದು. ಮೆತ್ತನೆ ಮಖಮಲ್ಲಿನಂಥ ಪ್ಯಾಡು. ಕಡ್ಡಿಯ ಸುತ್ತ ಒಳ್ಳೆ ದಿಂಬಿನ ಹಾಗೆ ಕೂತಿತು. ಇದ್ದದ್ದರಲ್ಲಿ ಕನ್ನಡಕದ ಜೊತೆ ಕಡಿಮೆ ಜಗಳ ಆಡಿದ್ದು ಇದೇ. "ಆದ್ರೆ ಸಾರ್, 'ಸ' ಅಕ್ಷರ ಕಿವಿಗೆ ಚುಚ್ಚುತ್ತಲ್ವಾ?" ಅಂದ. ನನಗೆ ಏನೂ ಚುಚ್ಚಲಿಲ್ಲ. ಅವನು ಹಾಕಿಕೊಂಡು ಮುಖ ಕಿವುಚಿದ. ನಾನು ಹಾಕಿಕೊಂಡು, ಸರಿಯಾಗೇ ಇದೆಯಲ್ಲ ಅಂದೆ. ಆಮೇಲೆ ಇಬ್ಬರಿಗೂ ಹೊಳೆಯಿತು, ಇಬ್ಬರೂ ಹೇಳಲಿಲ್ಲ. ವಯಸ್ಸಾದ ಹಾಗೆ ಕಿವಿ ಮೊದಲು ಬಿಟ್ಟುಕೊಡುವುದು ಮೇಲಿನ ಸ್ವರಗಳನ್ನೇ. ಅವನಿಗೆ ಚುಚ್ಚುವ ಸೂಜಿ ನನಗೆ ಮೊಂಡಾಗಿದೆ.

ನಾನು ಎರಡು ವಾರ ಓದಿದ ಹೊಗಳಿಕೆ, ತೆಗಳಿಕೆ ಎಲ್ಲ ಯಾರ ಕಿವಿಯವು? ಕನ್ನಡಕವಿಲ್ಲದ, ಇಪ್ಪತ್ತೈದರ ಹುಡುಗರ ತಲೆಗಳ ಮೇಲೆ ಕೂತು ಕೇಳಿದ ಧ್ವನಿ ಅದು. ಸುಳ್ಳಲ್ಲ, ನನ್ನದಲ್ಲ ಅಷ್ಟೇ.

ನನ್ನ ಗೆಳೆಯನೊಬ್ಬ ಇದಕ್ಕೆ ತದ್ವಿರುದ್ಧ. ಡಿಟಿ 770ರಲ್ಲಿ 250 ಓಮ್‌ನದ್ದೂ ಬರುತ್ತದೆ. ಅದೇ 'ನಿಜವಾದ ಸ್ಟುಡಿಯೋದ್ದು' ಅಂತ ಯಾರೋ ಹೇಳಿದರು, ತಂದ. ಅದನ್ನು ಸರಿಯಾಗಿ ನುಡಿಸಲು ಫೋನ್ ಕೊಡುವ ವೋಲ್ಟೇಜ್ ಸಾಲದು, ಒಳ್ಳೆಯ ಇಂಟರ್ಫೇಸೋ (ಮೈಕು, ಹೆಡ್‌ಫೋನನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಆಂಪ್ಲಿಫೈಯರೋ ಬೇಕು. ಇವನು ಫೋನಿಗೇ ಸಿಕ್ಕಿಸಿ, ವಾಲ್ಯೂಮ್ ಕೊನೆಯವರೆಗೆ ಏರಿಸಿ, ಪಿಸುಮಾತಿನಲ್ಲಿ ಹಾಡು ಕೇಳುತ್ತಾನೆ. ಕೇಳಿದರೆ "ಸೂಕ್ಷ್ಮವಾಗಿದೆ" ಅನ್ನುತ್ತಾನೆ. ಒಳ್ಳೆ ಮನುಷ್ಯ, ಆದರೆ ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ಇಲ್ಲ. ಬ್ಲೂಟೂತ್ ತಗೋ ಅಂತ ನನಗೂ ಹೇಳಿದ್ದ. ಮಾತಾಡಿ ಮುಗಿಸಿದ ಮೇಲೆ ನನ್ನ ದನಿ ನನಗೆ ತಡವಾಗಿ ಬಂದು ಮುಟ್ಟಿದರೆ ಓದುವುದು ಹೇಗೆ? ರೆಕಾರ್ಡಿಂಗಿಗೆ ವೈರೇ ಆಗಬೇಕು.

ಮನೆಗೆ ಬಂದು ಇನ್ನೊಂದು ಯೋಚನೆ ಬಂತು. ಇದು ಸ್ವಲ್ಪ ಹೆದರಿಸಿತು. ಹಳೇ ಹೆಡ್‌ಫೋನಿನಲ್ಲೂ, ಅದಕ್ಕೂ ಮುಂಚಿನದ್ದರಲ್ಲೂ, ಬೇಸ್ ಸಾಲದು ಅನಿಸಿದಾಗೆಲ್ಲ ನಾನು ಮಾಡುತ್ತಿದ್ದದ್ದು ಒಂದೇ, ವಾಲ್ಯೂಮ್ ಏರಿಸುವುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಅಡ್ಡಿಯಿಲ್ಲ. 90ಕ್ಕೆ ಏರಿದರೆ ವಾರಕ್ಕೆ 4 ಗಂಟೆ ಮಾತ್ರ. ಹತ್ತೇ ಡೆಸಿಬಲ್, ಹತ್ತರಲ್ಲೊಂದು ಪಾಲು ಸಮಯ. ಸಂದಿಯಲ್ಲಿ ಸೋರಿದ ಬೇಸನ್ನು ತುಂಬಲು ಇಷ್ಟು ವರ್ಷ ಎಷ್ಟು ಸುರಿದಿದ್ದೇನೋ. ಆ 'ಸ' ಮೊಂಡಾಗಿದ್ದು ಬರೀ ವಯಸ್ಸಿನಿಂದಲೇ ಅಂತ ಈಗ ಧೈರ್ಯವಾಗಿ ಹೇಳಲಾರೆ.

ಮೂವತ್ತು ವರ್ಷ ಪಾಠ ಮಾಡಿದವನು ನಾನು. ಯಾವ ಪುಸ್ತಕ ಓದಲಿ ಸಾರ್ ಅಂತ ಎಷ್ಟು ಮಕ್ಕಳು ಕೇಳಿದ್ದಾರೋ. ಬಾಯಿ ಮುಚ್ಚುವಷ್ಟರಲ್ಲಿ ಪಟ್ಟಿ ಕೊಡುತ್ತಿದ್ದೆ. ಒಳ್ಳೆ ಪಟ್ಟಿಯೇ. ಎಲ್ಲಿ ಕೂತು ಓದ್ತೀಯಾ, ಮನೆಯಲ್ಲಿ ಲೈಟು ಎಷ್ಟು ಹೊತ್ತಿರುತ್ತೆ, ಜೋರಾಗಿ ಓದ್ತೀಯಾ ಮನಸ್ಸಿನಲ್ಲಾ ಅಂತ ಒಬ್ಬರನ್ನೂ ಕೇಳಿದ ನೆನಪಿಲ್ಲ. ಒಬ್ಬಳು ಹುಡುಗಿ ಮಾತ್ರ ಪಟ್ಟಿಯನ್ನು ಮಡಿಸಿ ಕಂಪಾಸ್ ಬಾಕ್ಸಿನೊಳಗೆ ಇಟ್ಟುಕೊಂಡದ್ದು ಕಣ್ಣಿಗೆ ಕಟ್ಟಿದೆ. ಅವಳು ಏನಾದರೂ ಓದಿದಳೋ ಇಲ್ಲವೋ. ಕಿಟಕಿಯ ಪಕ್ಕ ಕೂರುತ್ತಿದ್ದಳು. ಬೋರ್ಡ್ ನೋಡುವಾಗ ಕಣ್ಣು ಕಿರಿದು ಮಾಡುತ್ತಿದ್ದಳು. ಅದು ಯಾಕೆ ಅಂತ ನನಗೆ ಹೊಳೆದದ್ದು ಮೊನ್ನೆ, ಮಂಗಳವಾರ ರಾತ್ರಿ.

ಅಂದು ಸ್ಟುಡಿಯೋದಿಂದ ಮನೆಗೆ ಬಂದಾಗ ಕಿವಿ, ಕೆನ್ನೆ ಎಲ್ಲ ಕಪ್ಪು ಹೊಟ್ಟು. ಸೋನಿಯ ಹಳೇ ಪ್ಯಾಡಿನ ಸಿಪ್ಪೆ ಎದ್ದು ಅಂಟಿತ್ತು. ಹೆಂಡತಿ ಒರೆಸುತ್ತಾ, "ಯಾವುದು ಅಂತ ಗೊತ್ತಾಯ್ತಾ?" ಅಂದಳು. ಪ್ಯಾಡು ಬೇರೆ ಸಿಗುತ್ತಂತೆ, ಬದಲಾಯಿಸಬಹುದಂತೆ ಅಂದೆ. ಅದು ಅವಳು ಕೇಳಿದ ಪ್ರಶ್ನೆಗೆ ಉತ್ತರವಲ್ಲ ಅಂತ ಇಬ್ಬರಿಗೂ ಗೊತ್ತು. ನಿಜ ಹೇಳಬೇಕೆಂದರೆ ಮನಸ್ಸು ಡಿಟಿ 770ಕ್ಕೂ ಎಂ40ಎಕ್ಸ್‌ಗೂ ನಡುವೆ ತೂಗುತ್ತಿತ್ತು. ಮನೆಗೆ ಅದು, ಓದಿಗೆ ಇದು. ಎರಡೂ ತರುವ ಯೋಗ್ಯತೆ ಇಲ್ಲ.

ಕಣ್ಣಿನ ನಂಬರ್ ಬದಲಾಗಿ ಆರು ತಿಂಗಳಾಗಿತ್ತು. ಶುಕ್ರವಾರ ಹೋಗಿ ಆ ಕೆಲಸ ಮುಗಿಸಿದೆ. ಫ್ರೇಮು ಆರಿಸುವಾಗ ಕನ್ನಡಿ ನೋಡಲಿಲ್ಲ. ಒಂದೊಂದನ್ನೂ ಹಾಕಿಕೊಂಡು ಎರಡೂ ಅಂಗೈಯನ್ನು ಕಿವಿಯ ಮೇಲೆ ಬಟ್ಟಲಿನ ಹಾಗೆ ಮುಚ್ಚಿ ನಿಂತೆ. ತೋರಿಸುತ್ತಿದ್ದ ಹೆಣ್ಣುಮಗಳು ಏನಾಯ್ತು ಸಾರ್ ಅಂದಳು. ತಂತಿಯಷ್ಟು ತೆಳ್ಳಗಿನ ಲೋಹದ ಕಡ್ಡಿಯದ್ದನ್ನು ತಗೊಂಡೆ.

ಸಂಜೆ ಹುಡುಗನ ಮೆಸೇಜು ಬಂತು. "ಯಾವುದು ತಗೊಂಡ್ರಿ ಸಾರ್?"

"ಕನ್ನಡಕ" ಅಂತ ಕಳಿಸಿದೆ.

ನಗುತ್ತಾನೆ ಅಂದುಕೊಂಡಿದ್ದೆ. "ಕಡ್ಡಿ ಎಷ್ಟು ದಪ್ಪ?" ಅಂತ ಕೇಳಿದ.