ತೆಂಗಿನ ಮರದ ಪೆನ್ನು: ಆಟಿಯ ತನಕದ ಕೆಲಸ

ಹಲಸು, ತೇಗ, ಹುಣಸೆಗಳ ಸರದಿ ಮುಗಿದು ಈಗ ಲೇತ್ (ಮರ ತಿರುಗಿಸಿ ಕಡೆಯುವ ಯಂತ್ರ) ಮೇಲಿರುವುದು ತೆಂಗು. ಕಾಸರಗೋಡಿನ ತೋಟಗಳಲ್ಲಿ ಹಳೆ ತೆಂಗನ್ನು ಕಡಿದು ಹೊಸ ಸಸಿ ಇಡುವುದು ನಡೆಯುತ್ತಲೇ ಇರುತ್ತದೆ. ಬಿದ್ದ ಮರ ಸಂಕಕ್ಕೋ ಸೌದೆಗೋ ಹೋಗುತ್ತದೆ. ಅದರ ಬುಡದ ತುಂಡಿನಲ್ಲಿ ಬೀಟೆಗೂ ಇಲ್ಲದ ಚಂದವಿದೆ: ತಿಳಿಗಂದು ಮೈಯ ಮೇಲೆ ಕಪ್ಪು ಗೀರುಗಳು.

ಪೆನ್ನಿನ ಬಿಡಿಭಾಗಗಳ ಕಿಟ್ ಸಾಮಾನ್ಯ ಸ್ಲಿಮ್‌ಲೈನ್. ಎರಡು ಹಿತ್ತಾಳೆ ಕೊಳವೆ, ಒಂದೊಂದೂ ಸುಮಾರು 53 ಮಿ.ಮೀ. ಉದ್ದ, 7 ಮಿ.ಮೀ. ಬಿಟ್‌ನ ತೂತಿಗೆ ಕೂರುವಂಥವು. ಕಡೆಯುವಾಗ ಅಳತೆಗೆಂದು ತುದಿಗೆ ಹಾಕುವ ಬುಶ್ ಉಂಗುರದ ಹೊರ ಅಳತೆ 8.3 ಮಿ.ಮೀ. ಆಸುಪಾಸು. ಎಂದರೆ ಕಡೆದು ಮುಗಿದಾಗ ತುದಿಯಲ್ಲಿ ಕೊಳವೆಯ ಮೇಲೆ ಉಳಿಯುವ ಮರ ಮುಕ್ಕಾಲು ಮಿ.ಮೀ. ಕೂಡ ಇಲ್ಲ. ತೆಂಗಿನ ತೊಂದರೆಗಳೆಲ್ಲ ಈ ತೆಳು ಗೋಡೆಯಲ್ಲೇ ಕಾಣಿಸಿಕೊಳ್ಳುತ್ತವೆ.

ತೆಂಗಿಗೆ ಮಾವು ಹಲಸಿನ ಹಾಗೆ ವರ್ಷದ ಉಂಗುರ ಇಲ್ಲ. ಮೆದು ತಿರುಳಿನೊಳಗೆ ಗಟ್ಟಿ ನಾರಿನ ಎಳೆಗಳು ಉದ್ದಕ್ಕೆ ನಿಂತಿವೆ, ಹಸಿ ಮಣ್ಣಿನಲ್ಲಿ ಹಿಡಿಸೂಡಿಯ ಕಡ್ಡಿ ನೆಟ್ಟ ಹಾಗೆ. ಅಡ್ಡಕ್ಕೆ ಹಿಡಿದಿಡುವ ನಾರಿಲ್ಲ. ಬುಡದ ಭಾಗದಲ್ಲಿ, ಸಿಪ್ಪೆಗೆ ಹತ್ತಿರದ ಒಂದೆರಡು ಇಂಚಿನಲ್ಲಿ ಎಳೆಗಳು ಒತ್ತೊತ್ತಾಗಿರುತ್ತವೆ. ಒಳಗೆ ಹೋದಷ್ಟೂ ಸಡಿಲ. ಉಗುರು ಒತ್ತಿದರೆ ಗುರುತು ಬೀಳುವ ತುಂಡು ಪೆನ್ನಿಗೆ ಬೇಡ. ಕೆಂಪು ಮೂತಿ ಹುಳ ಹಿಡಿದು ಸತ್ತ ಮರವಾದರೂ ಬುಡದಲ್ಲಿ ತೂತು ಕಾಣದಿದ್ದರೆ ಧಾರಾಳ ಬಳಸಬಹುದು.

ಸೀಳಿದ ತುಂಡಿನ ಎರಡೂ ತುದಿಗೆ ಮೇಣ ಹಚ್ಚಿ ಒಲೆ ಮೇಲಿನ ಅಟ್ಟದಲ್ಲಿಟ್ಟದ್ದು ಚೆನ್ನಾಗಿ ಒಣಗಿದೆ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಬೇಕು. ತೂಕ ಇಳಿಯುವುದು ನಿಂತ ಮೇಲೆಯೇ ಕೊಯ್ಯಬೇಕು. ಹಸಿ ಇದ್ದಾಗಲೇ ಕಡೆದರೆ ಮರ ಆಮೇಲೆ ಕುಗ್ಗುತ್ತದೆ, ಹಿತ್ತಾಳೆ ಕುಗ್ಗುವುದಿಲ್ಲ, ಪೆನ್ನು ಉದ್ದಕ್ಕೆ ಬಿರಿಯುತ್ತದೆ. ಕೊನೆಯ ಅಳತೆ 15 ಮಿ.ಮೀ. ಚೌಕ, ಉದ್ದ 60 ಮಿ.ಮೀ.

ತೂತು ಕೊರೆಯುವಾಗ ಬಿಟ್ ಗಟ್ಟಿ ಎಳೆಗೆ ತಾಗಿ ಪಕ್ಕಕ್ಕೆ ಜಾರುತ್ತದೆ. ಮೊದಲು ಸೆಂಟರ್ ಡ್ರಿಲ್‌ನಿಂದ ಗುಂಡಿ ಮಾಡಿ, ನಿಮಿಷಕ್ಕೆ 600ರ ಆಸುಪಾಸಿನ ಸುತ್ತಿನಲ್ಲಿ, ಪ್ರತಿ 8-10 ಮಿ.ಮೀ.ಗೆ ಬಿಟ್ ಹೊರಗೆಳೆದು ಹುಡಿ ಕೊಡವಿದರೆ ನೇರ ಹೋಗುತ್ತದೆ. ಆಚೆ ತುದಿಯಲ್ಲಿ ಎಳೆ ಕಿತ್ತು ಬರುವುದು ಖಂಡಿತ. ಉದ್ದದಲ್ಲಿ 7 ಮಿ.ಮೀ. ಹೆಚ್ಚು ಬಿಟ್ಟದ್ದು ಅದಕ್ಕೇ. ತೆಂಗಿನ ಮರದಲ್ಲಿ ಸಿಲಿಕಾ ಇರುವುದರಿಂದ ಬಿಟ್ಟೂ ಉಳಿಯೂ ಬೇಗ ಮೊಂಡಾಗುತ್ತವೆ.

ಕೊಳವೆಯ ಮೈಯನ್ನು 150 ನಂಬ್ರದ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ತುದಿಗಳಿಗೆ ಮೇಣ ತುಂಬಿ, ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಹಚ್ಚಿ, ತಿರುಗಿಸುತ್ತ ತೂರಿಸಿ ಒಂದು ರಾತ್ರಿ ಬಿಡಬೇಕು. ಮರುದಿನ ತುದಿ ಸಪಾಟು ಮಾಡುವ ಮೊದಲು ಅಲ್ಲಿಗೆ ನೀರಿನಂಥ ಸೂಪರ್ ಗ್ಲೂ ಎರಡು ಹನಿ ಕುಡಿಸಬೇಕು, ಇಲ್ಲದಿದ್ದರೆ ಸಪಾಟು ಮಾಡುವ ಉಪಕರಣ, ಮಿಲ್, ಎಳೆಯನ್ನು ಕಚ್ಚಿ ಚೂರು ಹಾರಿಸುತ್ತದೆ. ಹಿತ್ತಾಳೆ ಮಿಂಚಿದ ಕೂಡಲೇ ಕೈ ತೆಗೆಯಿರಿ. ಕೊಳವೆ ಗಿಡ್ಡವಾದರೆ ರೀಫಿಲ್ ಒಳಗೆ ಸರಿಯಾಗಿ ಹೋಗುವುದಿಲ್ಲ.

ಕಡೆಯುವ ಹಂತದಲ್ಲಿ ಅವಸರ ಸಲ್ಲದು. ಉಳಿಯಿಂದ ಕೆರೆದರೆ ತಿರುಳು ಪುಡಿಯಾಗಿ ಉದುರುತ್ತದೆ, ಕಪ್ಪು ಎಳೆ ದಾರದಂತೆ ಎದ್ದು ಬರುತ್ತದೆ, ಮೈಯಲ್ಲಿ ಕಾಲುವೆ ಬೀಳುತ್ತದೆ. ಕೊಯ್ಯಬೇಕು, ಕೆರೆಯಬಾರದು: ಹರಿತವಾದ ಸ್ಕ್ಯೂ (ಓರೆ ಬಾಯಿಯ ಉಳಿ), ಅದರ ಇಳಿಜಾರು ಮರಕ್ಕೆ ಒರಗಿರಬೇಕು, ಸುತ್ತು 2500ರ ಹತ್ತಿರ. ದಪ್ಪ 11 ಮಿ.ಮೀ.ಗೆ ಇಳಿದಾಗ ಒಮ್ಮೆ, 9.5ಕ್ಕೆ ಇಳಿದಾಗ ಇನ್ನೊಮ್ಮೆ ಲೇತ್ ನಿಲ್ಲಿಸಿ ನೀರಿನಂಥ ಗ್ಲೂ ಕುಡಿಸಿ, ಒಣಗಿದ ಮೇಲೆ ಮುಂದುವರಿಸಿದ ತುಂಡುಗಳು ಗೀರಿಲ್ಲದೆ ಬಂದಿವೆ. ತುಂಡು ಪೋಣಿಸಿದ ಮ್ಯಾಂಡ್ರೆಲ್ ಸರಳಿನ ನಟ್ ಬೆರಳಲ್ಲಿ ಬಿಗಿ ಮಾಡಿದರೆ ಸಾಕು. ಟೇಲ್‌ಸ್ಟಾಕ್ (ಲೇತ್ ಆಚೆ ತುದಿಯ ಆಧಾರ) ಒತ್ತಿ ಹಿಡಿದರೆ ಸರಳು ಬಾಗಿ ಪೆನ್ನು ಒಂದು ಬದಿಗೆ ತೆಳುವಾಗುತ್ತದೆ.

ಸ್ಯಾಂಡ್ ಪೇಪರಿಗೂ ಇದೇ ಗುಣ ಅಡ್ಡ ಬರುತ್ತದೆ. ಮೆದು ಬೇಗ ಸವೆಯುತ್ತದೆ, ಎಳೆ ಏಣಿನ ಹಾಗೆ ನಿಲ್ಲುತ್ತದೆ. ಪೇಪರಿನ ಹಿಂದೆ ಮರದ ಪಟ್ಟಿ ಇಟ್ಟು 240ರಿಂದ ಶುರು ಮಾಡಿ, ಪ್ರತಿ ನಂಬ್ರದ ಕೊನೆಗೆ ಲೇತ್ ನಿಲ್ಲಿಸಿ ಉದ್ದಕ್ಕೆ ಉಜ್ಜಬೇಕು. ಕಪ್ಪು ಹುಡಿಯನ್ನು ಗಾಳಿ ಊದಿ ತೆಗೆಯದಿದ್ದರೆ ಅದು ತಿಳಿ ಭಾಗದ ರಂಧ್ರಕ್ಕೆ ಇಳಿದು ಮರವಿಡೀ ಮಸಿಯಾಗುತ್ತದೆ.

ಮೇಲ್ಮೈಗೆ ಸೂಪರ್ ಗ್ಲೂವೇ ಗಟ್ಟಿ. ಅರಗಿನ ಪಾಲಿಶ್ ಕೈಬೆವರಿಗೆ ಹೆಚ್ಚು ದಿನ ನಿಲ್ಲುವುದಿಲ್ಲ. ಆದರೆ ಈ ಗ್ಲೂ ಗಾಳಿಯ ತೇವದಿಂದಲೇ ಗಟ್ಟಿಯಾಗುವಂಥದ್ದು. ತುಳುವರ ಆಟಿ ತಿಂಗಳ ಮಳೆಯಲ್ಲಿ ತೇವ ಮಿತಿಮೀರಿ ಗ್ಲೂ ಸರ್ರನೆ ಹಿಡಿದು, ಮೇಲೆ ಬಿಳಿ ಮಂಜು ಕಟ್ಟುತ್ತದೆ. ಕಿಟಕಿ ಮುಚ್ಚಿ, ಮೇಜಿನ ಮೇಲೆ 100 ವಾಟ್‌ನ ಹಳೆ ಬಲ್ಬು ಉರಿಸಿ ತುಂಡನ್ನು ತುಸು ಬೆಚ್ಚಗೆ ಮಾಡಿ, ತೆಳುವಾಗಿ ಹಚ್ಚಿದರೆ ಮಂಜು ಕಡಿಮೆ. ಬೇಗ ಒಣಗಿಸುವ ಸ್ಪ್ರೇ ಈ ತಿಂಗಳಲ್ಲಿ ಬೇಡವೇ ಬೇಡ. ಮುಚ್ಚಿದ ಕೋಣೆಯಲ್ಲಿ ಗ್ಲೂವಿನ ಘಾಟು ಕಣ್ಣಿಗೆ ಹೊಡೆಯುತ್ತದೆ, ಮಾಸ್ಕ್ ಕನ್ನಡಕ ಎರಡೂ ಬೇಕು. ಇನ್ನೊಂದು ಮಾತು ಮರೆಯಬಾರದು: ಹಳೆ ಮುಂಡಿನ ಹತ್ತಿ ಬಟ್ಟೆಯಲ್ಲಿ ಈ ಗ್ಲೂ ಹಚ್ಚಬೇಡಿ. ಹತ್ತಿಗೆ ತಾಗಿದರೆ ಅದು ಕಾದು ಹೊಗೆಯಾಡುತ್ತದೆ, ಬೆರಳು ಸುಡುತ್ತದೆ. ಟಿಶ್ಯೂ ಕಾಗದ ಸಾಕು. ಎಂಟು ಹತ್ತು ಪದರ ಆದಮೇಲೆ ಮೈಕ್ರೋಮೆಶ್ (ಬಹಳ ನುಣುಪಿನ ಉಜ್ಜು ಹಾಳೆ) 1500ರಿಂದ 12000ರ ತನಕ ನೀರು ಹಾಕಿ ಉಜ್ಜುವುದು. ಅದಕ್ಕೂ ಮೊದಲು ತುದಿಗಳಿಗೆ ಗ್ಲೂ ಹಚ್ಚಿ ಮುಚ್ಚದಿದ್ದರೆ ಅಲ್ಲಿಂದ ನೀರು ಏರಿ ಒಳಗೆ ಬಿಳಿ ಕಲೆಯಾಗುತ್ತದೆ.

ಜೋಡಣೆಗೆ ಮರದ ಹಲ್ಲೆ ಇಟ್ಟ ವೈಸ್ ಸಾಕು. ಮೊದಲು ನಿಬ್ಬಿನ ತುದಿ, ಆಮೇಲೆ ತಿರುಗುವ ಭಾಗ. ಇದನ್ನು ಒಂದೊಂದು ಮಿ.ಮೀ. ಒತ್ತಿ, ಪ್ರತಿ ಸಲ ರೀಫಿಲ್ ಹಾಕಿ ತಿರುಗಿಸಿ ನೋಡಬೇಕು. ಹೆಚ್ಚು ಒತ್ತಿದರೆ ಮೊನೆ ಒಳಗೆ ಹೋಗುವುದೇ ಇಲ್ಲ, ಹಿಂದಕ್ಕೆ ತೆಗೆಯಲು ಹೋದರೆ ತೆಳು ಮರ ಒಡೆಯುತ್ತದೆ.

ಮುಂದಿನ ಸರದಿ ಅಡಿಕೆ ಮರದ ಸಲಾಕೆ. ಅದರ ಗಟ್ಟಿ ಭಾಗ ತೆಂಗಿನದಕ್ಕಿಂತ ತೆಳು, 15 ಮಿ.ಮೀ. ಒಂದೇ ಸಲಾಕೆಯಲ್ಲಿ ಸಿಗದಿದ್ದರೆ ಎರಡನ್ನು ಒಳಮೈಗೆ ಒಳಮೈ ಕೂಡಿಸಿ ಅಂಟಿಸಬೇಕು. ಆಗ ಮೆದು ತಿರುಳು ಬರುವುದು ನಡುವೆ, ಬಿಟ್ ಹೋಗುವ ಜಾಗದಲ್ಲಿ. ತುಂಡುಗಳು ಅಟ್ಟದಲ್ಲಿವೆ, ತೂಕ ಇನ್ನೂ ಇಳಿಯುತ್ತಿದೆ.