120ಕ್ಕೆ 30 ಅಲ್ಲ

ನಿನ್ನೆ ರಾತ್ರಿ ಮಗಳಿಗೆ ತ್ರಿಕೋನಮಿತಿ ಹೇಳಿಕೊಡಲು ಕೂತೆ. ಸೈನ್ 210° ಎಷ್ಟು ಅಂತ ಪ್ರಶ್ನೆ. "ಅಪ್ಪಾ, ಟೇಬಲ್‌ನಲ್ಲಿ 90ರವರೆಗೆ ಮಾತ್ರ ಇದೆಯಲ್ಲ?" ಅಂದಳು. ಅದಕ್ಕೇ ಅಲ್ವಾ ರೆಫರೆನ್ಸ್ ಆಂಗಲ್ ಇರುವುದು, ಅಂದರೆ ಕೋನದ ಗೆರೆ ಎಕ್ಸ್ ಅಕ್ಷದ ಜೊತೆ ಮಾಡುವ ಚಿಕ್ಕ ಕೋನ! 210ರ ಗೆರೆ 180 ದಾಟಿ 30 ಡಿಗ್ರಿ ಮುಂದೆ ಹೋಗಿದೆ. ಹಾಗಾಗಿ ಅಂಕಿ ಸೈನ್ 30°ಯದ್ದೇ, ಅರ್ಧ. ಗೆರೆ ಮೂರನೇ ಚತುರ್ಥಕದಲ್ಲಿದೆ (ಎರಡು ಅಕ್ಷಗಳು ವೃತ್ತವನ್ನು ಮಾಡುವ ನಾಲ್ಕು ಭಾಗಗಳಲ್ಲಿ ಮೂರನೆಯದು), ಎಕ್ಸ್ ಅಕ್ಷದ ಕೆಳಗೆ. ಅಲ್ಲಿಗೆ ಮೈನಸ್ ಅರ್ಧ.

ಇಷ್ಟು ಜಂಬದಿಂದ ಹೇಳಿ ಮುಂದಿನ ಲೆಕ್ಕದಲ್ಲಿ ನಾನೇ ಎಡವಿದೆ. 120ರಿಂದ 90 ಕಳೆದು 30 ಅಂತ ಬರೆದುಬಿಟ್ಟೆ. ಅವಳು ಪೆನ್ಸಿಲ್ ತುದಿಯಿಂದ ಚಿತ್ರ ತಟ್ಟಿ, "ಎಕ್ಸ್ ಅಕ್ಷದಿಂದ ಅಳೀಬೇಕು ಅಪ್ಪಾ, ವೈಯಿಂದ ಅಲ್ಲ" ಅಂದಳು. 180ರಿಂದ 120 ಕಳೆದರೆ 60. ಸರಿ, ಸುಮ್ಮನಾದೆ.

ನಮ್ಮ ಕಾಲದಲ್ಲಿ ನಾಲ್ಕೂ ಚತುರ್ಥಕಗಳ ಬೆಲೆಗಳನ್ನು ಬೇರೆ ಬೇರೆಯಾಗಿ ಬಾಯಿಪಾಠ ಮಾಡಿದ್ದೆ. ವೃತ್ತ ಪೂರ್ತಿ ಸುತ್ತಿದರೂ ಬರುವುದು ಅದೇ 30, 45, 60. ಚಿಹ್ನೆ ಮಾತ್ರ ಬೇರೆ. ಇದನ್ನು ಯಾರೂ ಚಿತ್ರ ಬರೆದು ತೋರಿಸಲಿಲ್ಲವೋ, ತೋರಿಸುವಾಗ ನಾನು ಕಿಟಕಿ ನೋಡುತ್ತಿದ್ದೆನೋ! ಎರಡನೆಯದೇ ಇರಬೇಕು.

ಆಮೇಲೆ ಕಾಸ್ 300° ಬಂತು. ನಾನು ಪೆನ್ನು ಹುಡುಕುವಷ್ಟರಲ್ಲಿ "ಅರ್ಧ, ಪ್ಲಸ್" ಅಂದುಬಿಟ್ಟಳು.